ನೊರೆ ತೆಗೆಸಿದ ಮೋಟಾರಿನವನು

ಮೊಮ್ಮಗಳು ಗಾಜಿನ ಉಪ್ಪುನೀರಿನ ತೊಟ್ಟಿಯಲ್ಲಿ ಸಾಕಿದ ಹವಳ ಮರಿ ಹಾಕಿದೆ!

"ಈ ಬಿಸಿಲೂರಾಗ ಸಮುದ್ರದ ಹವಳ ಬದುಕೂದಿಲ್ಲ, ಬಿಟ್ಟಬಿಡ್ರಿ" ಎಂದು ಮೀನಿನ ಅಂಗಡಿಯವರು ನಕ್ಕಿದ್ದರು. ನಮ್ಮ ಪರ ನಿಂತವನು ಭಾಗ್ಯನಗರದ ಬೋರ್‌ವೆಲ್ ಮೋಟಾರು ರಿಪೇರಿಯವನೊಬ್ಬನೇ. ಎಲ್ಲದಕ್ಕೂ ಅವನದು ಒಂದೇ ಮಾತು: "ಯಾಕ ಆಗೂದಿಲ್ರಿ?"

ನೀರಿನ ಹೊಲಸು ತೆಗೆಯಲು ಸ್ಪಂಜಿನ ಫಿಲ್ಟರ್ ಸಾಲದೆ ಹವಳ ಮುದುಡಿದಾಗ ಬಂದ. ತೊಟ್ಟಿಯ ಪಂಪಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಅದರ ನಡುಕ ನೋಡಿದ.

"ಅಮ್ಮಾರ, ಬೆಲ್ಲ ಕುದಿಸಿದಾಗ ಹೊಲಸು ಎಲ್ಲಿ ಬರತೈತಿ?"

"ನೊರಿಯಾಗ."

"ಮತ್ತ ಇಲ್ಲೂ ನೊರಿನ ತಗೀಬೇಕ್ರಿ!"

ನೀರಿಗೆ ಗಾಳಿಗುಳ್ಳೆ ಊದಿ ನೊರೆ ಎತ್ತುವ ಫಿಲ್ಟರನ್ನೇ ಆರಿಸಿ ಕೂರಿಸಿದ. ಮರುದಿನ ಅದರ ಬಟ್ಟಲಿನ ತುಂಬ ಕಂದು ಹೊಲಸು. ವಾರದಲ್ಲಿ ಹವಳ ಅರಳಿತು.

ಅವನೀಗ ಊರು ಬಿಟ್ಟಿದ್ದಾನೆ. ಇವತ್ತು ಅವನನ್ನು ನೆನೆದು ಬೆಲ್ಲದ ನೊರೆ ತೆಗೆದು ಗೋಧಿ ಹುಗ್ಗಿ ಮಾಡಿದೆ. ನಕ್ಕಿದ್ದ ಅಂಗಡಿಯವರಿಗೂ ಒಂದು ಡಬ್ಬಿ ಕಳಿಸಿ, ಸಂಜೆ ಮನೆಮಂದಿಯೆಲ್ಲ ತೊಟ್ಟಿಯ ಮುಂದೆಯೇ ಉಂಡೆವು.