ಹುಟ್ಟಿನಿಂದ ಅತ್ಯಾ, ಮದುವೆಯಿಂದ ಅಜ್ಜಿ

ಶೇಂಗಾ ಹಿಂಡಿಯ, ಅಂದರೆ ಶೇಂಗಾ ಚಟ್ನಿಪುಡಿಯ, ಪೊಟ್ಟಣ ಬಿಚ್ಚಿದರೆ ಮುಂಬಯಿಯ ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಅದು ಗುಟ್ಟಾಗಿ ಉಳಿಯುವುದಿಲ್ಲ. ಬೆಳ್ಳುಳ್ಳಿಯ ಘಾಟು ಬಾಗಿಲ ಸಂದಿಯಿಂದ ಹೊರಬಿದ್ದು ಲಿಫ್ಟಿನಲ್ಲಿ ಕೂತು ಕೆಳಗಿಳಿಯುತ್ತದೆ. ವಾಚ್‌ಮನ್ ಕೂಡ ಊರಿಂದ ಪಾರ್ಸಲ್ ಬಂತೇ ಎಂದು ಕೇಳುತ್ತಾನೆ. ಇವತ್ತು ಬೆಳಿಗ್ಗೆ ಅಂಥದ್ದೊಂದು ಪೊಟ್ಟಣ ಬಿಚ್ಚಿ, ಬೆರಳಿಗೆ ಹತ್ತಿದ್ದನ್ನು ನೆಕ್ಕುತ್ತ ನಿಂತಿದ್ದಾಗ ಫೋನ್ ಬಂತು. ಆ ಫೋನಿನ ವಿಷಯ ಹೇಳುವ ಮೊದಲು ಹಿಂಡಿ ತಂದವರ ವಿಷಯ ಹೇಳಬೇಕು.

ತಂದವನು ದಸ್ತಗೀರ. ವಿಜಯಪುರದ ನಮ್ಮ ಓಣಿಯ ಮೂಲೆಯಲ್ಲಿ ಟೇಲರ್ ಅಂಗಡಿ ಅವನದು. ಅವನ ಅಪ್ಪ ನನ್ನ ಶಾಲೆಯ ಲಂಗ ಹೊಲಿಯುತ್ತಿದ್ದ ಕಾಲದಿಂದಲೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಾನೆ. ನಿನ್ನೆ ಸಂಜೆ ಮಗಳು ಮುಬೀನಾಳನ್ನು ಕರೆದುಕೊಂಡು ಬಂದಿದ್ದ. ಹುಡುಗಿಗೆ ಬಾಂದ್ರಾದ ಕಾಲೇಜೊಂದರಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಒಂದು ನಿಕ್ಕಿಯಾದರೆ ಆಯಿತು ಎಂದ. ಚಹಾ ಕುಡಿದು ಅವನು ಕೇಳಿದ್ದು ಇಷ್ಟೇ.

"ಅಕ್ಕಾರ, ನೀವು ಇಲ್ಲೇ ಕಲ್ತವ್ರು. ಹುಡುಗಿಗೆ ನಾಕ ಬುದ್ಧಿಮಾತು ಹೇಳ್ರಿ."

ನಾಲ್ಕು ಕೇಳಿದವನಿಗೆ ನಲವತ್ತು ಹೇಳಿದೆ. ನೀವೇ ಹೇಳಿ, ಬುದ್ಧಿ ಬೇಕೆಂದು ಮನೆಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರುತ್ತದೆಯೇ?

ಮೊದಲು ವಸತಿಯ ವಿಷಯ ತೆಗೆದೆ. ಕೋಣೆಯಿಂದ ಸಮುದ್ರ ಕಾಣುತ್ತದೆ ಎಂದು ಬಾಂದ್ರಾದ ಏಜಂಟ್ ಹೇಳಿದರೆ, ಬಚ್ಚಲಲ್ಲಿ ಬಕೆಟ್ ಬೋರಲು ಹಾಕಿ ಹತ್ತಿ ನಿಂತರೆ ಕಾಣುತ್ತದೆ ಎಂದು ತಿಳಿಯಬೇಕು. ಸ್ಟೇಶನ್ ಹತ್ತಿರ ಎಂದರೆ ಕಾಗೆಗೆ ಹತ್ತಿರ. ಮನೆಯ ಮಗಳ ಹಾಗೆ ನೋಡಿಕೊಳ್ಳುತ್ತೇನೆ ಎನ್ನುವ ಮಾಲಕಿ ಫ್ರಿಜ್ಜಿಗೆ ಬೀಗ ಹಾಕುವವಳು. ಆಮೇಲೆ ಅಡ್ಮಿಶನ್ನಿಗೆ ಬಂದೆ. ಫೋಟೋ ಎಷ್ಟು ಕೊಟ್ಟರೂ ಕಾಲೇಜಿನ ಹೊಟ್ಟೆ ತುಂಬುವುದಿಲ್ಲ. ನನಗೆ ಗಂಡು ಹುಡುಕುವಾಗಲೂ ನಮ್ಮಪ್ಪ ಅಷ್ಟು ಫೋಟೋ ಹಂಚಿರಲಿಲ್ಲ. ಇನ್ನು ಕ್ಲಾಸು. ಹಾಜರಿ ದೇವರಿದ್ದ ಹಾಗೆ, ವರ್ಷವಿಡೀ ನಂಬದವರೂ ಪರೀಕ್ಷೆಯ ಹೊತ್ತಿಗೆ ಅಡ್ಡಬೀಳುತ್ತಾರೆ. ಮುಂದಿನ ಬೆಂಚಿನಲ್ಲಿ ಮೇಷ್ಟ್ರ ಎಂಜಲು, ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ಕಣ್ಣು. ಎರಡೂ ತಾಗದ ಜಾಗ ಕಂಬದ ಪಕ್ಕದ್ದು, ಅದನ್ನು ಮೊದಲ ದಿನವೇ ಹಿಡಿಯಬೇಕು.

ಲೋಕಲ್ ಟ್ರೇನಿನ ಬಗ್ಗೆ ಹೇಳುವಾಗ ನನ್ನ ಅನುಭವವನ್ನೇ ಹೇಳಿದೆ. ನಾನು ಬೊರಿವಲಿಯಲ್ಲಿದ್ದೆ. ಕಾಲೇಜು ಸೇರಿದ ಹೊಸದರಲ್ಲಿ ಬಾಂದ್ರಾದಿಂದ ಮನೆಗೆ ಹೋಗಲು, ಬೊರಿವಲಿ ದಾಟಿ ಬಹುದೂರ ಹೋಗುವ ವಿರಾರ್ ಗಾಡಿ ಹತ್ತಿಬಿಟ್ಟೆ. ಆ ಗಾಡಿ ಬೊರಿವಲಿಯಲ್ಲಿ ನಿಲ್ಲುತ್ತದೆ, ನಿಜ. ಆದರೆ ವಿರಾರಿನ ಹೆಂಗಸರು, ತಮ್ಮ ಗಾಡಿಗೆ ಹತ್ತಿದ ಬೊರಿವಲಿಯವಳನ್ನು ಇಳಿಯಲು ಬಿಡುವುದು ಧರ್ಮವಲ್ಲ ಎಂದು ನಂಬಿದವರು. ಮೊಣಕೈ, ಚೀಲ, ಬಾಯಿ ಮೂರನ್ನೂ ಬಳಸಿ ನನ್ನನ್ನು ಒಳಗೇ ಉಳಿಸಿಕೊಂಡರು. ವಿರಾರ್ ನೋಡಿ ಬಂದೆ. ನೋಡುವಂಥದ್ದೇನೂ ಇರಲಿಲ್ಲ.

ಮುಬೀನಾ ಎಲ್ಲವನ್ನೂ ಫೋನಿನಲ್ಲಿ ಟೈಪ್ ಮಾಡಿಕೊಂಡು "ಓಕೆ ಆಂಟಿ" ಎಂದಳು. ಅವರು ಹೋದ ಮೇಲೆ ಒಂದು ದೊಡ್ಡ ಉಪಕಾರ ಮಾಡಿದ ಸಮಾಧಾನದಲ್ಲಿ ಟಿವಿ ಹಚ್ಚಿ ಕೂತೆ.

ಇವತ್ತಿನ ಫೋನೂ ದಸ್ತಗೀರನದೇ. ಬಾಂದ್ರಾದ ಹಾಸ್ಟೆಲ್ಲಿನಿಂದಲೇ ಮಾತಾಡುತ್ತಿದ್ದ. ಮುಂಬಯಿಯಲ್ಲಿರುವ ಸಂಬಂಧಿಕರೊಬ್ಬರು ಬಂದು ಗಾರ್ಡಿಯನ್ ಎಂದು ನಿಲ್ಲದಿದ್ದರೆ ರೂಮ್ ಕೊಡುವುದಿಲ್ಲವಂತೆ. ಮಧ್ಯಾಹ್ನದವರೆಗೆ ಕಾಯುತ್ತಾರೆ, ಆಮೇಲೆ ಬೇರೆ ಹುಡುಗಿಗೆ.

"ನಮ್ಮವ್ರು ಇಲ್ಲಿ ಯಾರದಾರ್ರಿ? ಸಂಜಿ ಬಸ್ಸಿಗೆ ಆಕಿನ್ನ ಊರಿಗೆ ಕರ್ಕೊಂಡು ಹೊಂಟೇನಿ. ಊರಾಗಿನ ಕಾಲೇಜಿಗೇ ಹಾಕಿದ್ರಾತು. ಹೇಳಿ ಹೋಗೂಣು ಅಂತ ಫೋನ್ ಮಾಡಿದ್ನಿ. ನೀವು ಹೇಳಿದ್ದೆಲ್ಲಾ ಭಾಳ ಚಲೋ ಇತ್ರೀ ಅಕ್ಕಾರ."

ಅವನು ನನ್ನನ್ನು ಏನೂ ಕೇಳಲಿಲ್ಲ. ಕೇಳುವವನೂ ಅಲ್ಲ. ಅಯ್ಯೋ ಪಾಪ ಎಂದು ನಾನೂ ಫೋನ್ ಇಟ್ಟೆ. ಕೈ ಮೂಗಿನ ಹತ್ತಿರ ಬಂದಾಗ ಹಿಂಡಿಯ ವಾಸನೆ ಬಡಿಯಿತು. ಅದರ ಜೊತೆಗೇ ಶಕ್ಕು ಅತ್ಯಾ ನೆನಪಾದಳು.

ನನ್ನ ಅಡ್ಮಿಶನ್ನಿನ ದಿನ ಅಪ್ಪ ಇಂಥದ್ದೇ ಒಂದು ಪೊಟ್ಟಣವನ್ನು ಕಂಕುಳಲ್ಲಿ ಹಿಡಿದು ಕಾಲೇಜಿನ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ಅದು ಶಕ್ಕು ಅತ್ಯಾಳಿಗೆಂದು ತಂದದ್ದು. ಬೆಳ್ಳುಳ್ಳಿಯ ಪ್ರಭಾವದಿಂದ ನಮ್ಮ ಹಿಂದೆಮುಂದೆ ಜಾಗ ಧಾರಾಳವಾಗಿತ್ತು. ಶಕ್ಕು ಅತ್ಯಾ ಬೊರಿವಲಿಯಲ್ಲಿ ಒಬ್ಬಳೇ ಇದ್ದಳು. ಗಂಡ ತೀರಿಕೊಂಡಿದ್ದ, ಬಾಂದ್ರಾದ ಯಾವುದೋ ಕಚೇರಿಯಲ್ಲಿ ಟೈಪಿಸ್ಟ್. ಅದಕ್ಕೂ ಮೊದಲು ನಾನು ಅವಳನ್ನು ಒಂದು ಮದುವೆಯ ಪಂಕ್ತಿಯಲ್ಲಿ ದೂರದಿಂದ ನೋಡಿದ್ದೆ, ಅಷ್ಟೇ. ಕಚೇರಿಯಿಂದ ಬಿಡುವು ಮಾಡಿಕೊಂಡು ನನ್ನ ಗಾರ್ಡಿಯನ್ ಆಗಲು ಬಂದಿದ್ದಳು.

ಕಿಟಕಿಯೊಳಗಿನ ಮರಾಠಿ ಹೆಂಗಸು ಕೇಳಿದ್ದು ಸರಳ ಪ್ರಶ್ನೆ: ಇವರು ಹುಡುಗಿಗೆ ಏನಾಗಬೇಕು? ನಮ್ಮ ಕಡೆಯವರಿಗೆ ಕೇಳಬಾರದ ಪ್ರಶ್ನೆ ಎಂದರೆ ಅದೊಂದೇ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಟ್ಟು ಕೊಟ್ಟು ನಮ್ಮಲ್ಲಿ ಒಬ್ಬೊಬ್ಬರೂ ಎರಡೆರಡು ಸಂಬಂಧವಾಗುತ್ತಾರೆ. ಶಕ್ಕು ಅತ್ಯಾ ಅಪ್ಪನಿಗೆ ದೊಡ್ಡಮ್ಮ ಚಿಕ್ಕಮ್ಮಂದಿರ ಕಡೆಯಿಂದ ದೂರದ ತಂಗಿ. ಅವಳನ್ನು ಕೊಟ್ಟದ್ದು ಅವಳ ಸೋದರಮಾವನಿಗೆ. ಅವನು ಅಪ್ಪನಿಗೂ ಸೋದರಮಾವನ ಸಾಲಿನವನಾದ್ದರಿಂದ ಅವನ ಹೆಂಡತಿ ಅಪ್ಪನಿಗೆ ಅತ್ತೆ. ಹೀಗೆ ನನಗೆ ಅವಳು ಹುಟ್ಟಿನಿಂದ ಅತ್ಯಾ, ಮದುವೆಯಿಂದ ಅಜ್ಜಿ.

ಅಪ್ಪ ಗಣಿತದ ಮೇಷ್ಟ್ರು. ಮದುವೆಯಾದ ಹೆಣ್ಣಿಗೆ ಗಂಡನ ಮನೆಯ ಸಂಬಂಧವೇ ಸರಿ, ಆದ್ದರಿಂದ ಅಜ್ಜಿ ಎಂದು ಬರೆಯಬೇಕೆಂದು ಪಟ್ಟು ಹಿಡಿದರು. ಆ ವಾರವಷ್ಟೇ ಕೂದಲಿಗೆ ಕಪ್ಪು ಹಚ್ಚಿಕೊಂಡಿದ್ದ ಶಕ್ಕು ಅತ್ಯಾಳ ಮುಖ ಕೆಂಪಾಯಿತು.

"ನೀ ನನಗಿಂತ ದೊಡ್ಡಾವ ಇದ್ದೀ. ನಿನ್ನ ಮಗಳಿಗೆ ನಾ ಅಜ್ಜಿ? ಬಾಂದ್ರಾದಾಗ ನಿಂತು?"

ಜಗಳ ಹತ್ತಿಕೊಂಡಿತು. ಯಾರ ಮದುವೆಯಲ್ಲಿ ಯಾರು ಯಾರ ಕಾಲು ಮುಟ್ಟಿದ್ದರು ಎಂಬ ಸಾಕ್ಷ್ಯಗಳು ಬಂದವು. ಹಿಂದಿನ ಸಾಲು ಗೊಣಗತೊಡಗಿತು. ಕಿಟಕಿ ಮುಚ್ಚುವ ಹೊತ್ತು; ಮುಚ್ಚಿದರೆ ನನ್ನ ಸೀಟು ಎರಡನೆಯ ಲಿಸ್ಟಿನವರ ಪಾಲು. ಇಡೀ ವಂಶವೃಕ್ಷವೇ ಸೇರಿ ನನ್ನ ತಲೆಯ ಮೇಲೆ ಬೀಳುತ್ತಿದೆ ಎಂದು ನಾನು ಅಳುವುದಕ್ಕೆ ಶುರುಮಾಡಿದೆ. ಆ ಗದ್ದಲದಲ್ಲಿ ಮರಾಠಿ ಹೆಂಗಸಿಗೆ ಅರ್ಥವಾದದ್ದು ಒಂದೇ ಶಬ್ದ, ಅತ್ಯಾ. ಅಪ್ಪನ ತಂಗಿಗೆ ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ ಶಬ್ದ, ಆತ್ಯಾ. ಅವಳು ಅದನ್ನೇ ಬರೆದು ಠಸ್ಸೆ ಒತ್ತಿ ನಮ್ಮನ್ನು ಓಡಿಸಿದಳು.

ಮನೆಗೆ ಹೋಗುವಾಗ ಟ್ರೇನಿನಲ್ಲಿ, ನೀ ನನಗೆ ಖರೆ ಏನಾಗಬೇಕು ಎಂದು ನಾನು ಕೇಳಿದ್ದಕ್ಕೆ ಶಕ್ಕು ಅತ್ಯಾ ಹೇಳಿದಳು: "ಅತ್ಯಾ ಆಗೂದು ದೊಡ್ಡ ಮಾತಲ್ಲ ಖೋಡಿ. ಹಾಸಗಿ ಹಾಸಿ ಕೊಟ್ರ ಆತು."

ಹಾಸಿಗೆ ಇದ್ದದ್ದು ಒಂದೇ, ಕೋಣೆಯೂ ಒಂದೇ. ಗೋಡೆಯ ಕಡೆ ನಂದು, ಬಾಗಿಲ ಕಡೆ ನಿಂದು ಎಂದು ಮೊದಲ ದಿನವೇ ಪಾಲು ಮಾಡಿದಳು. ಬಾಗಿಲ ಕಡೆ ನಾಯಿ ಮಲಗುತ್ತದೆ ಎಂದು ನಾನು ಮುಖ ಊದಿಸಿದ್ದೆ. ಮೇ ತಿಂಗಳು ಬಂದಾಗ ಗೊತ್ತಾಯಿತು, ಆ ಕೋಣೆಯಲ್ಲಿ ಗಾಳಿ ಬರುವುದು ಬಾಗಿಲಿನಿಂದ ಮಾತ್ರ. ಹಾಸ್ಟೆಲ್ ಸಿಗುವವರೆಗೆ ಎಂದು ಹೋದವಳು ಡಿಗ್ರಿ ಮುಗಿಯುವವರೆಗೆ ಅಲ್ಲಿದ್ದೆ. ಅಷ್ಟು ವರ್ಷ ಅವಳು ಗೋಡೆಗೆ ಹತ್ತಿ ಬೆವರುತ್ತ ಮಲಗಿದಳು. ಈಗ ಅವಳಿಲ್ಲ. ಇವತ್ತು ಹಿಂಡಿಯ ಕೈ ಮೂಸುತ್ತ ನಿಂತು ನೆನಪಿಸಿಕೊಂಡೆ. ಅವಳು ನನಗೆ ಕೊಟ್ಟ ಸಲಹೆ ಒಂದೂ ನೆನಪಾಗಲಿಲ್ಲ. ಕೊಟ್ಟಿರಲೇ ಇಲ್ಲ. ಸಲಹೆ ಕೊಡುವುದು ಜಾಗ ಕೊಡಲು ಮನಸ್ಸಿಲ್ಲದವರ ಕೆಲಸ. ನಿನ್ನೆ ನಾನು ನಲವತ್ತು ಕೊಟ್ಟಿದ್ದೆ. ನನಗೆ ನನ್ನ ಮೇಲೇ ಸಿಟ್ಟು ಬಂತು.

ದಸ್ತಗೀರನಿಗೆ ಫೋನ್ ಮಾಡಿ ಅಲ್ಲೇ ನಿಲ್ಲಲು ಹೇಳಿ ಬಾಂದ್ರಾಕ್ಕೆ ಹೊರಟೆ. ಹಾಸ್ಟೆಲ್ಲಿನ ಬೆಂಚಿನ ಮೇಲೆ ಅಪ್ಪ ಮಗಳು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಬೀನಾ ಅತ್ತು ಮುಗಿಸಿದ್ದಳು. ನಾನು ಮೇಜಿನ ಹಿಂದಿನ ಮೇಡಮ್ಮಿಗೆ ಹುಡುಗಿಯ ಆತ್ಯಾ ಎಂದು ಮರಾಠಿಯಲ್ಲೇ ಹೇಳಿದೆ. ಆಕೆ ನನ್ನ ಆಧಾರ್ ನೋಡಿದಳು, ದಸ್ತಗೀರನದು ನೋಡಿದಳು, ಮತ್ತೆ ನನ್ನದು ನೋಡಿದಳು.

"ಆತ್ಯಾ? ಕಶೀ ಕಾಯ್?"

ಹೇಗೆ ಎಂಬುದೇ ಅವಳ ಪ್ರಶ್ನೆ. ದಸ್ತಗೀರ ನಮ್ಮಪ್ಪನ ಜಾತಿಯ ಸತ್ಯವಂತ, ನಿಜ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದು, ಕುರ್ಚಿ ಎಳೆದು ಕೂತು ಶುರುಮಾಡಿದೆ. ನಮ್ಮ ಓಣಿ, ಓಣಿಯ ಮೂಲೆ, ಇವನ ಅಪ್ಪನ ಹೊಲಿಗೆ ಯಂತ್ರ, ನನ್ನ ಲಂಗ, ಲಂಗದ ಕಿಸೆ. ಅಕ್ಕಾರ ಎಂದು ಕರೆಯುವವನ ಮಗಳಿಗೆ ನಾನು ಮತ್ತೇನಾಗಬೇಕು? ನನ್ನ ಪ್ರಕಾರ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಇವನ ಮದುವೆಯ ಊಟಕ್ಕೆ ಬರುವಷ್ಟರಲ್ಲಿ ಮೇಡಮ್ಮಿನ ಚಹಾ ಆರಿತ್ತು. ಅವಳು ಕೈಯೆತ್ತಿ ನನ್ನನ್ನು ನಿಲ್ಲಿಸಿ, ಮುಬೀನಾಳ ಕಡೆ ತಿರುಗಿ ಇವರು ಯಾರು ಎಂದು ಕೇಳಿದಳು.

"ಅತ್ಯಾ," ಎಂದಳು, ನಿನ್ನೆ ಓಕೆ ಆಂಟಿ ಎಂದಿದ್ದವಳು.

ಠಸ್ಸೆ ಬಿತ್ತು. ರವಿವಾರ, ರಜೆ, ಜ್ವರ ಎಲ್ಲಕ್ಕೂ ಹುಡುಗಿ ನನ್ನ ಮನೆಗೇ ಬರಬೇಕೆಂದು ಮೇಡಮ್ ಎಚ್ಚರಿಸಿದಳು. ಹೊರಗೆ ಬಂದ ಮೇಲೆ ದಸ್ತಗೀರ ಟವೆಲಿನಿಂದ ಮುಖ ಒರೆಸಿಕೊಂಡ. ಮುಬೀನಾ ಮೆಲ್ಲಗೆ, ರವಿವಾರ ಖರೇನ ಬರಲೇ ಎಂದು ಕೇಳಿದಳು. ಯಾವ ಗಾಡಿ ಹತ್ತಬೇಕು, ಯಾವುದನ್ನು ಹತ್ತಬಾರದು ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆಯೇ ಮಾತು.

"ಬಾ. ಗ್ವಾಡಿ ಕಡೆ ನಂದು, ಬಾಗಲಾ ಕಡೆ ನಿಂದು."