ತಲೆ ಕೊಡವದ ಟಗರು

ಚಿತ್ರದುರ್ಗದಿಂದ ಯಾರೋ ಫೋನ್ ಮಾಡಿ, "ಮೇಡಂ, ಸೋಮವಾರ ಒಂದು ವಿಚಾರ ಸಂಕಿರಣ ಇಟ್ಕೊಂಡಿದೀವಿ. ಜಗತ್ತಿನ ಧರ್ಮಗಳು ಬೋಧಿಸೋದು ಶಾಂತಿಯನ್ನೋ ಹಿಂಸೆಯನ್ನೋ ಅನ್ನೋದು ವಿಷಯ. ನೀವು ಹತ್ತು ನಿಮಿಷ ಮಾತಾಡ್ಬೇಕು" ಎಂದರು. ಹತ್ತು ನಿಮಿಷ! ಸಾವಿರಾರು ವರ್ಷದಿಂದ ಜನ ಒಬ್ಬರ ತಲೆ ಒಬ್ಬರು ಒಡೆದುಕೊಂಡರೂ ಇತ್ಯರ್ಥವಾಗದ ವಿಷಯಕ್ಕೆ ಹತ್ತು ನಿಮಿಷ. ಆದರೂ ಒಪ್ಪಿಕೊಂಡೆ. ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನ್ನನ್ನು ಭಾಷಣಕ್ಕೆ ಕರೆಯುವವರೇ ಅಪರೂಪ. ಕರೆದಾಗ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಬೇಸಿಗೆ ರಜೆ. ಹರಿಯಬ್ಬೆ ಹತ್ತಿರದ ನಮ್ಮೂರಿಗೆ ಹೋಗಿ, ಅವ್ವನ ಮನೆಯಲ್ಲಿ ಕೂತು ಭಾಷಣ ಬರೆಯೋಣವೆಂದುಕೊಂಡೆ. ಅಲ್ಲಿ ಭಾನುವಾರವೇ ಹರಕೆಯ ಊಟವೂ ಇತ್ತು.

ಹರಕೆ ನನ್ನ ತಮ್ಮನ ಕಾಲಿನದು. ಅವನು ಹಿರಿಯೂರಿನ ಕೊಬ್ಬರಿ ಮಂಡಿಯೊಂದರ ಟೆಂಪೊ ಓಡಿಸುತ್ತಾನೆ. ಶಿವರಾತ್ರಿ ಹೊತ್ತಿಗೆ ಹೈವೇಯಲ್ಲಿ ಟೆಂಪೊ ಮಗುಚಿ ಕಾಲು ಮುರಿಯಿತು, ತಲೆಗೂ ಏಟು ಬಿತ್ತು. ಬದುಕುತ್ತಾನೋ ಇಲ್ಲವೋ ಎಂದು ಎಲ್ಲರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದಾಗ ನಮ್ಮ ದೊಡ್ಡಪ್ಪ ಕೈ ಮುಗಿದು, "ತಾಯೀ, ಹುಡುಗ ಎದ್ದು ನಡೆದ್ರೆ ಮನೆ ಟಗರು ನಿಂಗೆ" ಎಂದು ಊರಮ್ಮನಿಗೆ ಹರಕೆ ಹೊತ್ತುಬಿಟ್ಟರು. ಹುಡುಗ ಎದ್ದ, ನಡೆದ. ಈಗ ಟಗರಿನ ಸರದಿ.

ಟಗರು ದೊಡ್ಡಪ್ಪನದಾಗಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅದು ಅವ್ವನದು. ಹುಟ್ಟಿದ ದಿನವೇ ತಾಯಿ ಕಳೆದುಕೊಂಡ ಮರಿಗೆ ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿದ್ದಳು, ಚಳಿಗಾಲದಲ್ಲಿ ತನ್ನ ಕಂಬಳಿಯೊಳಗೆ ಮಲಗಿಸಿಕೊಂಡಿದ್ದಳು. ಮುದ್ದು ಹೆಚ್ಚಾಗಿ ಅದು ರೌಡಿಯಾಯಿತು. ಅವ್ವನೊಬ್ಬಳನ್ನು ಬಿಟ್ಟು ಕಂಡಕಂಡವರಿಗೆಲ್ಲ ಗುದ್ದುತ್ತಿತ್ತು. ಕರೆಂಟ್ ಮೀಟರ್ ಓದಲು ಬರುವವನು ನಮ್ಮ ಮನೆಯ ಲೆಕ್ಕವನ್ನು ರಸ್ತೆಯಲ್ಲೇ ನಿಂತು ಊಹೆಯ ಮೇಲೆ ಬರೆದುಕೊಂಡು ಹೋಗುತ್ತಿದ್ದ. ಅಂಥದ್ದನ್ನು ಕೊಯ್ಯುತ್ತಾರೆಂದರೆ ಊರಿಗೆಲ್ಲ ಸಂತೋಷ, ಅವ್ವನಿಗೊಬ್ಬಳಿಗೆ ಸಂಕಟ. ಬೇಡ ಅನ್ನಲೂ ಅವಳಿಗೆ ಬಾಯಿಲ್ಲ. ಅನ್ನುವುದಾದರೂ ಹೇಗೆ? ಅಮ್ಮನಿಗೆ ಒಪ್ಪಿಸಿದ್ದನ್ನು ತಪ್ಪಿಸಿ, ನಾಳೆ ಮಗ ಮತ್ತೆ ಟೆಂಪೊ ಹತ್ತಿದಾಗ ಹೆಚ್ಚುಕಮ್ಮಿಯಾದರೆ?

ನಾನು ಶನಿವಾರ ಬೆಳಿಗ್ಗೆ ಹೋದಾಗ ಅವ್ವ ಅಂಗಳದಲ್ಲಿ ಟಗರಿನ ಕೊಂಬುಗಳ ನಡುವೆ ಚೊಂಬಿನಿಂದ ತಣ್ಣೀರು ಸುರಿಯುತ್ತಿದ್ದಳು. ಟಗರು ಕಣ್ಣು ಅರೆಮುಚ್ಚಿ ಧ್ಯಾನಕ್ಕೆ ಕೂತವರ ಹಾಗೆ ನಿಂತಿತ್ತು. ನೀರು ಮುಗಿದ ಮೇಲೆ ಒಂದು ಹಿಡಿ ಹುರುಳಿ ತಿನ್ನಿಸಿದಳು.

"ಏನವ್ವಾ ಇದು! ಕುಡಿಯಾಕೆ ನೀರಿಲ್ಲ, ಟಗರಿಗೆ ಅಭಿಷೇಕನಾ?"

"ಬಿಸ್ಲು ಕಣೇ. ತಲೆ ಕಾದ್ರೆ ಇನ್ನೂ ಗುದ್ದುತೈತೆ. ದಿನಾ ಹಾಕ್ತೀನಿ" ಎಂದಳು. ನನಗೆ ಭಾಷಣದ ಚಿಂತೆ, ಒಳಗೆ ಹೋದೆ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಂಡದ್ದನ್ನು ಹಾಗೇ ಎತ್ತಿಕೊಂಡು ಹೋಗಿ ಚಿತ್ರದುರ್ಗದ ವೇದಿಕೆಯ ಮೇಲೆ ಇಡಬೇಕು ಅನ್ನಿಸಿತು. ಹಿರಿಯೂರಿನಿಂದ ಕುರಿ ವ್ಯಾಪಾರದ ಸಾಬರು ಬಂದಿದ್ದರು. ಅವರೂ ದೊಡ್ಡಪ್ಪನೂ ಪರಸ್ಪರ "ಮಾವ" ಅಂತಲೇ ಕರೆದುಕೊಳ್ಳುವುದು, ಹಾಗಾಗಿ ನಮಗೂ ಅವರು ಮಾವ. ನಮ್ಮ ಮನೆಯ ಹರಕೆಗೆಲ್ಲ ಚೂರಿ ಹಿಡಿಯುವವರು ಅವರೇ. ಅವರು ಕೊಯ್ದರೆ ಅವರ ಕಡೆಯವರೂ ನಮ್ಮ ಜೊತೆ ಕೂತು ಉಣ್ಣಬಹುದು. ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು ತಮ್ಮನನ್ನು ಆರೈಕೆ ಮಾಡಿದ ನರ್ಸಮ್ಮ ಬಂದಿದ್ದರು. ಜೈನರಾದ ಮಂಡಿ ಮಾಲೀಕರು, ಇರುವೆಗೂ ದಾರಿ ಬಿಟ್ಟು ನಡೆಯುವವರು, ತಾವು ಬರದೆ ಮಸಾಲೆಗೆಂದು ಒಂದು ಚೀಲ ತೆಂಗಿನಕಾಯಿ ಕಳಿಸಿದ್ದರು. ಯಾವ ಮಸಾಲೆ ಅಂತ ಅವರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ತಮ್ಮನ ಕಾಲು ಯಾರಿಂದ ಕೂಡಿತು ಅನ್ನುವುದರಲ್ಲಿ ಮಾತ್ರ ಚಿಕ್ಕ ಭಿನ್ನಾಭಿಪ್ರಾಯವಿತ್ತು. ದೊಡ್ಡಪ್ಪ ಅಮ್ಮ ಎಂದರು, ಮಾವ ತಾವು ದರ್ಗಾದಲ್ಲಿ ಓದಿಸಿದ್ದು ಎಂದರು, ನರ್ಸಮ್ಮ ಉಪವಾಸ ಪ್ರಾರ್ಥನೆ ಎಂದರು. ರಾಡು ಹಾಕಿ ಮೂಳೆ ಕೂಡಿಸಿದ ಡಾಕ್ಟರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೊನೆಗೆ ಮೂವರೂ ಸೇರಿ ಮಾಡಿದ್ದಾರೆಂದು ರಾಜಿಯಾಗಿ ಚಹಾ ಕುಡಿದರು.

ನಾನು ಪೆನ್ನು ಹಿಡಿದು ಮಾವನ ಪಕ್ಕ ಕೂತೆ. "ಮಾವ, ನಿಮ್ಮ ಧರ್ಮ ಹೇಳೋದು ಶಾಂತಿನಾ, ಹಿಂಸೆನಾ?"

"ಶಾಂತಿ ಕಣವ್ವಾ. ಅದ್ರಾಗೆ ಅನುಮಾನನೇ ಇಲ್ಲ" ಎಂದು ಮಾವ ಚೂರಿಯನ್ನು ಕಲ್ಲಿಗೆ ಮಸೆದರು. ನರ್ಸಮ್ಮ ಬೆಳ್ಳುಳ್ಳಿ ಸುಲಿಯುತ್ತಾ, "ನಮ್ದೂ ಅದೇರಿ, ಶಾಂತಿ" ಎಂದರು. ದೊಡ್ಡಪ್ಪನಿಗಂತೂ ರೇಗಿಹೋಯಿತು. "ಏನ್ ಮೇಷ್ಟ್ರಮ್ಮ ಆಗಿದೀಯವ್ವಾ ನೀನು! ಶಾಂತಿ ಅಲ್ದೆ ಇನ್ನೇನು? ನೋಡು, ಎಲ್ಲಾರೂ ಎಂಗೆ ಅಣ್ತಮ್ಮಂದಿರಂಗೆ ಕುಂತೀವಿ!"

ನಿಜವೇ. ಒಂದು ಧರ್ಮ ಹರಕೆ ಹೊತ್ತಿತ್ತು, ಇನ್ನೊಂದು ಚೂರಿ ಮಸೆಯುತ್ತಿತ್ತು, ಮತ್ತೊಂದು ಬೆಳ್ಳುಳ್ಳಿ ಸುಲಿಯುತ್ತಿತ್ತು, ನಾಲ್ಕನೆಯದು ಕಾಯಿ ಕಳಿಸಿತ್ತು. ಅಷ್ಟು ಶಾಂತಿಯನ್ನು ನಾನು ಯಾವ ಸರ್ವಧರ್ಮ ಸಭೆಯಲ್ಲೂ ಕಂಡಿಲ್ಲ. ಟಗರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ತಪ್ಪಾಯಿತು, ಕೇಳುತ್ತಾರೆ. ನಮ್ಮಲ್ಲಿ ಶಾಸ್ತ್ರವೇ ಹಾಗಿದೆ. ಪೂಜಾರಪ್ಪ ಅರಿಶಿನದ ನೀರನ್ನು ಟಗರಿನ ನೆತ್ತಿಗೆ ಹಾಕಬೇಕು. ಅದು ತಲೆ ಕೊಡವಿದರೆ ಅಮ್ಮ ಒಪ್ಪಿದಳು ಎಂದರ್ಥ. ನೆತ್ತಿಗೆ ತಣ್ಣೀರು ಬಿದ್ದರೆ ಯಾವ ಪ್ರಾಣಿ ಕೊಡವುವುದಿಲ್ಲ? ಅದಕ್ಕೇ ನಮ್ಮೂರಲ್ಲಿ ಅಮ್ಮ ಯಾವತ್ತೂ ಒಲ್ಲೆ ಅಂದದ್ದಿಲ್ಲ.

ಟಗರಿಗೆ ಹೂವಿನ ಹಾರ ಹಾಕಿ ಬೇವಿನ ಮರದಡಿ ನಿಲ್ಲಿಸಿದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಪೂಜಾರಪ್ಪ ಕೊಂಬುಗಳ ನಡುವೆ ನೀರು ಬಿಟ್ಟರು. ಟಗರು ಕಣ್ಣು ಅರೆಮುಚ್ಚಿತು. ಅಷ್ಟೇ.

"ಇನ್ನೊಂದು ಚೂರು ಹಾಕ್ರಿ" ಎಂದರು ದೊಡ್ಡಪ್ಪ. ಹಾಕಿದರು. ನೀರು ಮೂಗಿನ ಮೇಲಿಂದ ತೊಟ್ಟಿಕ್ಕಿತು. ಟಗರು ನಾಲಿಗೆ ಚಾಚಿ ಅದನ್ನು ನೆಕ್ಕಿ, ಹುರುಳಿ ಎಲ್ಲಿ ಎಂಬಂತೆ ಪೂಜಾರಪ್ಪನ ಕೈ ನೋಡಿತು.

ಆಮೇಲೆ ಶುರುವಾಯಿತು ನೋಡಿ ಗದ್ದಲ! ಒಬ್ಬ ಕಿವಿಗೆ ಊದಿ ಅಂದ. ಊದಿದವನಿಗೆ ಹೊಟ್ಟೆಗೆ ಗುದ್ದು ಬಿತ್ತು. ಇನ್ನೊಬ್ಬ ಬೈಕಿನಲ್ಲಿ ಅಂಗಡಿಗೆ ಹೋಗಿ ಫ್ರಿಜ್ಜಿನ ನೀರಿನ ಬಾಟಲಿ ತಂದ. ಅದನ್ನೂ ಸುರಿದದ್ದಾಯಿತು. ಟಗರು ಅಲ್ಲಾಡಲಿಲ್ಲ. "ಬೆನ್ನಿಗೆ ಹಾಕಿ ನೋಡ್ರಿ" ಎಂದ ಮತ್ತೊಬ್ಬ. ಪೂಜಾರಪ್ಪ ಕೆಂಡವಾದರು. "ಬೆನ್ನಿಗೆ ಹಾಕಾದು ಸ್ನಾನ ಕಣಯ್ಯಾ! ನೆತ್ತಿಗೆ ಹಾಕಾದು ಶಾಸ್ತ್ರ!"

ದೊಡ್ಡಪ್ಪನ ತಾಳ್ಮೆ ಕೆಟ್ಟಿತು. ಹೋಗಿ ಟಗರಿನ ಎರಡೂ ಕೊಂಬು ಹಿಡಿದು ಅವರೇ ಅಲ್ಲಾಡಿಸಿ, "ಅಗೋ, ಕೊಡವ್ತು! ಎಲ್ಲಾರೂ ನೋಡಿದ್ರಲ್ಲ?" ಎಂದು ಕೂಗಿದರು.

"ಕೊಡವಿದ್ದು ನೀನು, ಅದಲ್ಲ" ಎಂದರು ಪೂಜಾರಪ್ಪ.

"ನನ್ನ ಹರಕೆಗೆ ಅಡ್ಡ ಬರಾಕೆ ನೀನ್ಯಾವನಲೇ?"

"ಅಮ್ಮನ ಮುಂದೆ ನಂಗೇ ಲೇ ಅಂತೀಯೇನಲೇ?"

ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದರು. ಬಿಡಿಸಲು ಹೋದವರು ಮಾವ ಮತ್ತು ನರ್ಸಮ್ಮ. ಜಗತ್ತಿನ ಧರ್ಮಗಳ ನಡುವೆ ಯುದ್ಧವಾದೀತೆಂದು ನಾನು ಭಾಷಣ ಬರೆಯುತ್ತಿದ್ದರೆ, ಇಲ್ಲಿ ಒಂದೇ ಧರ್ಮದ ಇಬ್ಬರು ಮುದುಕರು ಬೇವಿನ ಮರದ ಕೆಳಗೆ ಗುಂಡಿ ಕಿತ್ತುಕೊಳ್ಳುತ್ತಿದ್ದರು. ಅಷ್ಟರಲ್ಲಿ ಟಗರೂ ಹಿಂದಿನಿಂದ ಬಂದು ದೊಡ್ಡಪ್ಪನಿಗೆ ತನ್ನ ಅಭಿಪ್ರಾಯ ತಿಳಿಸಿತು. ಅವರು ಹೋಗಿ ರುಬ್ಬಿಟ್ಟ ಮಸಾಲೆಯ ಪಾತ್ರೆಯ ಪಕ್ಕ ಕೂತರು.

ಎದ್ದು ಪಂಚೆ ಕೊಡವಿಕೊಳ್ಳುತ್ತಾ, "ಮಾವ, ನೀನಾದ್ರೂ ಕೊಯ್ದುಬಿಡಪ್ಪ, ಮುಗೀಲಿ" ಎಂದರು.

ಮಾವ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿಬಿಟ್ಟರು. "ಆಗಲ್ಲ ಮಾವ. ನಿಮ್ಮಮ್ಮ ಊಂ ಅಂದಿಲ್ಲ. ಆಕೆ ಒಪ್ಗೆ ಇಲ್ದೆ ನಾನು ಮುಟ್ಟಲ್ಲ, ನನಗೂ ಮಕ್ಳವೆ."

ಅಲ್ಲಿಗೆ ತೀರ್ಮಾನವಾಯಿತು. "ಅಮ್ಮ ಒಲ್ಲೆ ಅಂದವ್ಳೆ. ಅವಳ ಹೆಸರಲ್ಲಿ ಬಿಟ್ಬಿಡ್ರಿ, ಓಡಾಡ್ಕಂಡಿರ್ಲಿ" ಎಂದರು ಪೂಜಾರಪ್ಪ. ಅವ್ವ ಬಾಗಿಲಲ್ಲೇ ಕುಸಿದು ಕೂತು ಅತ್ತಳು.

ಆದರೆ ಮಸಾಲೆ ರುಬ್ಬಿಯಾಗಿತ್ತು, ಜನ ಹಸಿದಿದ್ದರು. ಮನೆಮನೆಯಿಂದ ಕೋಳಿ ತಂದರು, ಮಾವ ಚೂರಿ ಬಿಚ್ಚಿದರು. ಕೋಳಿಯ ನೆತ್ತಿಗೆ ಯಾರೂ ನೀರು ಹಾಕಿ ಕೇಳಲಿಲ್ಲ. ಅಮ್ಮನ ಒಪ್ಪಿಗೆಯ ಮಾತೂ ಬರಲಿಲ್ಲ. ಮತ್ತೆ ಶಾಂತಿ ನೆಲೆಸಿತು. ದೊಡ್ಡಪ್ಪನೂ ಪೂಜಾರಪ್ಪನೂ ಅಕ್ಕಪಕ್ಕದ ಎಲೆಯಲ್ಲಿ ಕೂತು, "ಬಡಿಸ್ರಿ, ಇವ್ರಿಗೆ ಬಡಿಸ್ರಿ" ಎಂದು ಒಬ್ಬರಿಗೊಬ್ಬರು ಉಪಚಾರ ಮಾಡಿಕೊಂಡರು. ನಾನೂ ಚೆನ್ನಾಗಿ ಉಂಡೆ. ಅವ್ವ ಮಾತ್ರ ಒಲೆ ಪಕ್ಕ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡಿದ್ದಳು. ಬಾಡೂಟವೆಂದರೆ ಎಲ್ಲರಿಗಿಂತ ಮೊದಲು ಎಲೆ ಹಾಸುವ ಹೆಂಗಸು! ಕೇಳಿದರೆ, "ಹೊಟ್ಟೆ ಸರಿಯಿಲ್ಲ, ನೀನು ಉಣ್ಣು" ಎಂದಳು.

ಸೋಮವಾರ ಚಿತ್ರದುರ್ಗದಲ್ಲಿ ನನ್ನ ಭಾಷಣವನ್ನು ಬರೆದಂತೆಯೇ ಓದಿದೆ. ಎಲ್ಲ ಧರ್ಮಗಳ ಸಾರವೂ ಶಾಂತಿ, ಕೆಡಿಸಿದವರು ಮನುಷ್ಯರು, ಇತ್ಯಾದಿ. ಟಗರಿನ ಮಾತು ಬಾಯಿಯವರೆಗೆ ಬಂದಿತ್ತು, ಅಷ್ಟರಲ್ಲಿ ಸಮಯವಾಯಿತೆಂದು ಚೀಟಿ ಕೊಟ್ಟರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು.

ಸಂಜೆ ಊರಿಗೆ ಮರಳಿದಾಗ ಮೋಡ ಕವಿದಿತ್ತು. ಅವ್ವ ಬುಟ್ಟಿಯಿಂದ ಸೇಬು ತೆಗೆದು ಸೀದಾ ಟಗರಿನ ಬಾಯಿಗಿಟ್ಟಳು. ಧರ್ಮಗಳ ಬಗ್ಗೆ ಮಾತಾಡಿ ಗಳಿಸಿದ ಹಣ್ಣು ಸೇರಬೇಕಾದ ಕಡೆಗೇ ಸೇರಿತು. ಅಷ್ಟರಲ್ಲಿ ವರ್ಷದ ಮೊದಲ ಮಳೆ ದಪ್ಪ ದಪ್ಪ ಹನಿಯಾಗಿ ಬಿತ್ತು. ಟಗರಿನ ನೆತ್ತಿಗೆ ಅಭ್ಯಾಸವಾಗಿತ್ತು, ಬೆನ್ನಿಗೆ ಆಗಿರಲಿಲ್ಲ. ಬೆನ್ನ ಮೇಲೆ ಹನಿ ಬಿದ್ದದ್ದೇ ತಡ, ಅದು ಕೊಂಬಿನಿಂದ ಬಾಲದವರೆಗೆ ಇಡೀ ಮೈಯನ್ನು ಪಟಪಟನೆ ಕೊಡವಿತು.

ಅವ್ವನ ಮುಖ ಬಿಳಿಚಿತು. "ಏ, ಸುಮ್ಕಿರಲೇ!" ಎಂದು ಓಡಿ ಹೋಗಿ ಸೆರಗನ್ನು ಅದರ ತಲೆಯ ಮೇಲೆ ಹೊದಿಸಿ, ಎರಡೂ ಕೈಯಲ್ಲಿ ಅದರ ಕತ್ತನ್ನು ಅಮುಕಿ ಹಿಡಿದು ಬೀದಿಯತ್ತ ನೋಡಿದಳು. ಆಮೇಲೆ ನನ್ನ ಕಡೆ.

ನನಗೆ ಆಗ ಎಲ್ಲ ಹೊಳೆಯಿತು. ನಗು ತಡೆಯಲಾಗಲಿಲ್ಲ. "ಅಲ್ಲವ್ವಾ, ಬೀದಿ ಯಾಕೆ ನೋಡ್ತೀಯ? ಮೇಲಿಂದ ಅಮ್ಮ ನೋಡ್ತಾ ಇರಲ್ವಾ?"

"ಅಮ್ಮ ನೋಡ್ಕಳ್ಳಿ ಬಿಡು" ಎಂದಳು ಅವ್ವ, ಮಳೆಯಲ್ಲಿ ನೆನೆಯುತ್ತಾ. "ಅವ್ಳಿಗೂ ನಂಗೂ ಆಸ್ಪತ್ರೆ ಬಾಗ್ಲಾಗೇ ಮಾತಾಗೈತೆ. ಇದರ ಬದ್ಲು ನನ್ ಬಾಯಿ ರುಚಿ ತಗಾ ತಾಯಿ, ಸಾಯಾಗಂಟ ಬಾಡು ಮುಟ್ಟಲ್ಲ ಅಂದೀನಿ. ನಿಮ್ ದೊಡ್ಡಪ್ಪ ನೋಡ್ಬಾರ್ದು, ಅಷ್ಟೆ."