ಬಳಗಾನೂರು ಬಸ್ಸಿಗೆ ಕೊಟ್ಟ ಮೂಗರ್ಜಿ

ಸುಳ್ಳು ಹೇಳಬಾರದು ಎಂದು ಹೈಸ್ಕೂಲು ಮಕ್ಕಳಿಗೆ ಪಾಠ ಮಾಡಿ ಇಪ್ಪತ್ತು ವರ್ಷ ಸಂಬಳ ತಿಂದವಳು ನಾನು. ಹಾಗಾಗಿ ನನ್ನ ಜೀವನದ ದೊಡ್ಡ ಸುಳ್ಳನ್ನು ಯಾರಿಗೂ ಹೇಳಿರಲಿಲ್ಲ. ಗಂಡನಿಗಂತೂ ಇಲ್ಲವೇ ಇಲ್ಲ. ಅವರಿಗೆ ಹೇಳಿದರೆ ಅರ್ಧ ಲಿಂಗಸೂಗೂರಿಗೆ ಹೇಳಿದ ಹಾಗೆ.

ಕಳೆದ ಬೇಸಿಗೆಯಲ್ಲಿ ಮಸ್ಕಿಯಿಂದ ಗೆಳತಿಯ ಫೋನು ಬಂತು. ಅವಳು ಅಲ್ಲಿ ನರ್ಸು. ನಾವಿಬ್ಬರೂ ಸಿಂಧನೂರಿನ ಹಾಸ್ಟೆಲ್ಲಿನಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಪಿಯುಸಿ ಓದಿದವರು.

"ಐತವಾರ ಮಗಳನ್ನ ನೋಡಾಕ ಬರಾಕತ್ತಾರ. ನೀ ಬರಬೇಕು ನೋಡು," ಎಂದಳು.

"ಎಲ್ಲಿಯವರು?"

"ಬಳಗಾನೂರಿನ ರೈಸ್‌ಮಿಲ್ಲಿನವರು. ಆಗ ನನ್ನ ನೋಡಾಕ ಬಂದಿದ್ನಲ್ಲ, ಅವನ ಮಗ."

ಕೈಯಲ್ಲಿದ್ದ ಸೌಟು ಸಾರಿನೊಳಗೆ ಬಿತ್ತು. "ಅಲ್ಲಲೇ, ಬ್ಯಾರೆ ಹುಡುಗ್ರು ಸಿಗಲಿಲ್ಲೇನು?" ಎಂದೆ.

"ಇಬ್ರೂ ಒಂದ ಕಾಲೇಜಿನ್ಯಾಗ ಓದ್ಯಾರ. ಅವರು ನೋಡಿಕೊಂಡಾಗೈತಿ. ನಾವು ನೋಡೋದು ಬರೇ ಶಾಸ್ತ್ರಕ್ಕ."

ಇಪ್ಪತ್ತೈದು ವರ್ಷದ ಹಿಂದೆ ಆ ಮನೆಯವರು ಇವಳನ್ನೇ ನೋಡಿ ಒಪ್ಪಿ ಹೋಗಿದ್ದರು. ಶುಕ್ರವಾರ ನಿಶ್ಚಯ ಅಂತ ಮಾತಾಗಿತ್ತು. ಪರೀಕ್ಷೆಗೆ ಎರಡು ತಿಂಗಳಿತ್ತು. ನಾನು ಬುಧವಾರ ಒಂದು ಮೂಗರ್ಜಿ ಬರೆದೆ. ಹೆಸರು ಹಾಕದೆ ಬರೆದು ಮದುವೆ ಮುರಿಸುವ ವಿದ್ಯೆ ನಮ್ಮ ಕಡೆ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಹುಡುಗಿ ನಿದ್ದೆಯಲ್ಲಿ ಎದ್ದು ನಡೆಯುತ್ತಾಳೆ, ಸಿಟ್ಟು ಬಂದರೆ ಊಟದ ಗಂಗಾಳವನ್ನೇ ಎತ್ತಿ ಎಸೆಯುತ್ತಾಳೆ, ಒಂದು ಹೊತ್ತಿಗೆ ಎಂಟು ರೊಟ್ಟಿ ಬೇಕು ಎಂದು ಬರೆದೆ. ರೊಟ್ಟಿಯದು ನಿಜ. ಇಷ್ಟೆಲ್ಲ ಬರೆದ ಮೇಲೆ ಪಾಪ ಅನ್ನಿಸಿ "ಆದರೆ ಮನಸ್ಸು ಬಂಗಾರ" ಎಂದೂ ಸೇರಿಸಿದೆ. ಕೆಳಗೆ, ನಿಮ್ಮ ಹಿತೈಷಿ.

ಅವಳ ಓದು ಹಾಳಾಗಬಾರದು ಅಂತ ಬರೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಅವಳು ಹೋದರೆ ಊಟಕ್ಕೆ ನನ್ನ ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನುವುದೇ ನನ್ನ ಚಿಂತೆಯಾಗಿತ್ತು.

ಟಪಾಲಿಗೆ ಹಾಕಿದರೆ ಶುಕ್ರವಾರದೊಳಗೆ ಮುಟ್ಟುವ ಖಾತ್ರಿ ಇರಲಿಲ್ಲ. ನಮ್ಮಲ್ಲಿ ಬುತ್ತಿ, ಔಷಧ, ಹೂವಿನ ಗಂಟು ಎಲ್ಲವನ್ನೂ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸುವ ರೂಢಿ. ನಾನೂ ಸ್ಟ್ಯಾಂಡಿಗೆ ಹೋಗಿ ಬಳಗಾನೂರು ಬಸ್ಸಿನ ಕಂಡಕ್ಟರಿಗೆ ಮೂಗರ್ಜಿ ಕೊಟ್ಟೆ.

"ಯಾರು ಕೊಟ್ರು ಅಂತ ಹೇಳ್ಲಿ ತಂಗಿ?" ಎಂದು ಕೇಳಿದ.

"ಹೆಸರಿಲ್ಲ ಅಂತ ಹೇಳ್ರಿ," ಎಂದೆ. ಆಗ ನನಗೆ ನನ್ನ ಬುದ್ಧಿಯ ಮೇಲೆ ಭಾರಿ ಅಭಿಮಾನವಿತ್ತು.

ಶುಕ್ರವಾರ ಅವಳ ಮನೆಗೆ ಯಾರೂ ಬರಲಿಲ್ಲ. ಗೆಳತಿ ಹಾಸ್ಟೆಲ್ಲಿಗೆ ವಾಪಸ್ ಬಂದು ಎರಡು ದಿನ ಹೊಟ್ಟೆನೋವು ಅಂತ ಮಲಗಿದಳು. ಆಮೇಲೆ ಎದ್ದು ಪರೀಕ್ಷೆ ಬರೆದಳು, ನರ್ಸಿಂಗ್ ಸೇರಿದಳು, ಮಸ್ಕಿಯ ಒಬ್ಬ ಸಜ್ಜನ ಮೇಷ್ಟ್ರನ್ನು ಮದುವೆಯಾದಳು. ನಾವು ವಾರಕ್ಕೆ ಎರಡು ಸಲವಾದರೂ ಫೋನಿನಲ್ಲಿ ಮಾತಾಡುತ್ತೇವೆ. ಅವಳನ್ನು ಬಿಟ್ಟರೆ ನನ್ನನ್ನು ಬೈಯುವವರು ಈಗ ಯಾರೂ ಉಳಿದಿಲ್ಲ. ಆ ಚೀಟಿಯ ಸುದ್ದಿ ಹೊರಗೆ ಬಿದ್ದರೆ ಅವಳು ನನಗೆ ಇರುವುದಿಲ್ಲ ಎಂಬ ಹೆದರಿಕೆಯಲ್ಲೇ ಭಾನುವಾರ ಮಸ್ಕಿ ಬಸ್ಸು ಹತ್ತಿದೆ. ಜ್ವರ ಅಂತ ಸುಳ್ಳು ಹೇಳಿ ಉಳಿಯಬಹುದಿತ್ತು. ಆದರೆ ನರ್ಸಿಗೆ ಜ್ವರದ ಸುಳ್ಳು ನಡೆಯುವುದಿಲ್ಲ.

ಬಂದವರು ಏಳು ಜನ. ಅಂದಿನ ವರ ಈಗ ಹೊಟ್ಟೆ ಬಂದ ಗಂಭೀರ ಮಾವನಾಗಿ ಗಂಡಸರ ಸಾಲಿನಲ್ಲಿ ಕುಳಿತಿದ್ದ. ಹೆಂಗಸರ ಚಾಪೆಯ ನಡುವೆ ಅವನ ತಾಯಿ. ವಯಸ್ಸು ಎಂಬತ್ತರ ಮೇಲೆ, ಹಲ್ಲಿಲ್ಲ, ನೆನಪು ಮಾತ್ರ ಗಟ್ಟಿ. ಮಂಡಕ್ಕಿಗೆ ನಮ್ಮ ಕಡೆ ಮಂಡಾಳು ಅನ್ನುತ್ತಾರೆ; ಆ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ಎಲ್ಲರ ಮುಂದೆ ಬಂದವು. ಹುಡುಗಿಯನ್ನು ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿದ ಮುದುಕಿ ಗೆಳತಿಯ ಕಡೆ ತಿರುಗಿದಳು.

"ಅಲ್ಲವಾ, ನಿನಗ ಇನ್ನೂ ನಿದ್ದ್ಯಾಗ ಎದ್ದು ನಡಿಯೋದು ಐತೇನು?"

ಗೆಳತಿಯ ಗಂಡ ಇಪ್ಪತ್ಮೂರು ವರ್ಷದ ನಿದ್ದೆಗಳನ್ನೆಲ್ಲ ಲೆಕ್ಕ ಹಾಕುವವನ ಹಾಗೆ ಹೆಂಡತಿಯ ಮುಖ ನೋಡಿದ.

"ಆಗ ಒಂದು ಮೂಗರ್ಜಿ ಬಂದಿತ್ತವಾ," ಮುದುಕಿ ಎಲ್ಲರಿಗೂ ಹೇಳಿದಳು. "ಕಂಡಕ್ಟರ್ ತಂದು ಕೊಟ್ಟ. ಯಾರು ಕೊಟ್ರಪಾ ಅಂದ್ರ, ಹೆಸರಿಲ್ಲಂತ್ರೀ, ಹಾಸ್ಟೆಲ್ಲಿನ ಹುಡುಗಿ, ದಪ್ಪ ಚಸ್ಮಾ ಹಾಕ್ಯಾಳ ಅಂದ."

ಎಲ್ಲರೂ ನಕ್ಕರು. ನಾನು ಮೆಲ್ಲಗೆ ಚಸ್ಮಾ ತೆಗೆದು ಸೆರಗಿನೊಳಗೆ ಇಟ್ಟುಕೊಂಡೆ. ಅದಿಲ್ಲದೆ ನನಗೆ ನನ್ನ ಕೈಯೇ ಸರಿಯಾಗಿ ಕಾಣುವುದಿಲ್ಲ. ಚಹಾದ ಕಪ್ಪು ಅಂದುಕೊಂಡು ಕೈ ಹಾಕಿದರೆ ಹುಡುಗನ ತಾಯಿಯ ಮಂಡಾಳಿನ ತಟ್ಟೆ. ಆಕೆ ಮರ್ಯಾದಸ್ಥಳು, ತಟ್ಟೆಯನ್ನೇ ನನ್ನ ಕಡೆ ಸರಿಸಿ, "ತಗೋರಿ, ತಗೋರಿ" ಎಂದಳು. ತಿನ್ನದೆ ಬೇರೆ ದಾರಿ ಇರಲಿಲ್ಲ.

ಗೆಳತಿ ನಗುತ್ತಲೇ ಹೇಳಿದಳು: "ಹೋಗ್ಲಿ ಬಿಡ್ರಿ ಅಮ್ಮಾ. ಚಸ್ಮಾ ಹಾಕಿದ ಹುಡುಗ್ಯಾರು ಹಾಸ್ಟೆಲ್ಲಿನ್ಯಾಗ ಹತ್ತು ಮಂದಿ ಇದ್ರು."

ಇದ್ದವಳು ನಾನೊಬ್ಬಳೇ.

ಮುದುಕಿ ಹೋಗುವಾಗ ಹುಡುಗಿಯ ಗಲ್ಲ ಹಿಡಿದು, "ಈ ಸಲ ಚೀಟಿ ಬಂದ್ರೂ ಚಿಂತಿಲ್ಲ, ನನಗ ಓದಾಕ ಕಣ್ಣು ಕಾಣಂಗಿಲ್ಲ" ಎಂದಳು. ಸಂಬಂಧ ಗಟ್ಟಿಯಾಯಿತು. ಅವರ ಗಾಡಿ ತಿರುಗಿದ ಮೇಲೆ ನಾನು ಅಡುಗೆಮನೆಗೆ ಹೋದೆ. ಗೆಳತಿ ಕಪ್ಪು ತೊಳೆಯುತ್ತಿದ್ದಳು.

"ಯಾವಾಗಿಂದ ಗೊತ್ತಿತ್ತು?" ಎಂದೆ.

"ಆವಾಗ್ಲೇ. ಅವರು ಅಪ್ಪನ ಕೈಗೆ ಚೀಟಿ ವಾಪಸ್ ಕೊಟ್ಟಿದ್ರು. ದಿನಾ ನಿನ್ನ ನೋಟ್ಸ್ ಓದಾಕಿಗೆ ನಿನ್ನ ಅಕ್ಷರ ತಿಳಿಯಂಗಿಲ್ಲೇನು? ಮನಸ್ಸು ಬಂಗಾರ ಅಂತ ಬ್ಯಾರೆ ಬರದೀ. ಮೂಗರ್ಜ್ಯಾಗ ಯಾರರ ಹಂಗ ಬರೀತಾರನು?"

ನನಗೆ ನಗು ಬಂತು, ನಗಲಿಲ್ಲ. ಅಷ್ಟು ವರ್ಷ ಕೇಳಲು ಧೈರ್ಯವಾಗದ್ದನ್ನು ಕೇಳಿದೆ. "ಅಂವ ನಿನಗ ಮನಸ್ಸಿಗೆ ಬಂದಿದ್ನಾ?"

"ಬಂದಿದ್ದ," ಎಂದಳು. ಕೈ ಮಾತ್ರ ಕಪ್ಪು ತೊಳೆಯುವುದನ್ನು ನಿಲ್ಲಿಸಲಿಲ್ಲ.

ನಾನು ಅಲ್ಲೇ ಕುಳಿತೆ. "ತಪ್ಪಾತು. ಆಗ ಯಾಕ ಒಂದು ಮಾತು ಕೇಳಲಿಲ್ಲ ನನಗ?"

"ಕೇಳಿದ್ರ ನೀ ಹೂಂ ಅಂತಿದ್ದಿ. ಹೂಂ ಅಂದ ಮ್ಯಾಲ ನಿನ್ನ ಕೂಡ ಮಾತು ಬಿಡಬೇಕಾಕ್ಕಿತ್ತು. ಅಂವ ಹ್ಯಾಂಗೂ ಹೋಗಿದ್ದ. ನಿನ್ನೂ ಕಳಕೊಂಡು ನಾ ಏನ್ ಮಾಡ್ಲಿ?"

"ಮತ್ತ ಇವತ್ತು ಯಾಕ ಕರದಿ? ನನ್ನ ಮಾನ ಕಳ್ಯಾಕ?"

ಅವಳು ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕುಳಿತಳು.

"ಅವನ ಮುಂದ ಒಬ್ಬಾಕಿನ ಕುಂದ್ರಾಕ ನನಗ ಆಗ್ತಿದ್ದಿಲ್ಲ," ಎಂದಳು.